ಎಲ್ಲರೂ ಬೈಯುವ ಇಎ ಕಂಪನಿಯಲ್ಲಿ ಮೆಚ್ಚುವಂಥದ್ದು ಏನಿದೆ?

ಪ್ರಶ್ನೆ: ನಾನು ಶಿವಮೊಗ್ಗದವನು. ಬೆಂಗಳೂರಿನಲ್ಲಿ ಬಿ.ಇ. ಮೂರನೇ ವರ್ಷ ಓದುತ್ತಿದ್ದೇನೆ. ಮುಂದೆ ಗೇಮ್ ಮಾಡುವ ಕೆಲಸಕ್ಕೇ ಹೋಗಬೇಕೆಂಬ ಆಸೆ. ಚಿಕ್ಕಂದಿನಿಂದ ಆಡಿದ್ದು ಜಾಸ್ತಿ ಎಲೆಕ್ಟ್ರಾನಿಕ್ ಆರ್ಟ್ಸ್ (ಇಎ) ಕಂಪನಿಯ ಗೇಮ್‌ಗಳನ್ನೇ. ಆದರೆ ಹಾಸ್ಟೆಲ್‌ನಲ್ಲಿ ಇಎ ಹೆಸರೆತ್ತಿದರೆ ಸಾಕು, ದುಡ್ಡು ಕೀಳುವ ಕಂಪನಿ, ಒಳ್ಳೊಳ್ಳೆ ಸ್ಟುಡಿಯೊಗಳಿಗೆ ಬೀಗ ಹಾಕಿದ ಕಂಪನಿ ಅಂತ ಎಲ್ಲರೂ ಮೇಲೆ ಬೀಳುತ್ತಾರೆ. ಅವರು ಹೇಳೋದು ಸುಳ್ಳೂ ಅಲ್ಲ. ಆದರೂ ಅದರಲ್ಲಿ ಮೆಚ್ಚುವಂಥದ್ದು ಏನೂ ಇಲ್ವಾ ಸರ್?

ಉತ್ತರ: ಇದೆ. ಆದರೆ ನಿಮ್ಮ ಗೆಳೆಯರ ಮಾತನ್ನು ಮೊದಲು ಒಪ್ಪಿಕೊಳ್ಳೋಣ. ಅದನ್ನು ಮುಚ್ಚಿಟ್ಟು ಹೊಗಳಿದರೆ ಆ ಹೊಗಳಿಕೆಗೆ ಬೆಲೆ ಇರುವುದಿಲ್ಲ.

ಅಮೆರಿಕದ ಗ್ರಾಹಕರ ತಾಣ ಕನ್ಸ್ಯೂಮರಿಸ್ಟ್ 2012 ಮತ್ತು 2013ರಲ್ಲಿ ನಡೆಸಿದ ಓದುಗರ ಮತದಾನದಲ್ಲಿ ಇಎ ಸತತ ಎರಡು ಸಲ ಅಮೆರಿಕದ ಅತಿ ಕೆಟ್ಟ ಕಂಪನಿ ಅನ್ನಿಸಿಕೊಂಡಿತು. ಎರಡೂ ಸಲ ಕೊನೆಯ ಸುತ್ತಿನಲ್ಲಿ ಎದುರಿಗಿದ್ದದ್ದು ಬ್ಯಾಂಕ್ ಆಫ್ ಅಮೆರಿಕ. ಜನರ ಮನೆ ಸಾಲದ ಗೋಳು ಇನ್ನೂ ಹಸಿಯಾಗಿದ್ದ ಕಾಲ ಅದು. ಆಗಲೂ ಜನ ಬ್ಯಾಂಕಿಗಿಂತ ಗೇಮ್ ಕಂಪನಿಯ ಮೇಲೇ ಹೆಚ್ಚು ಸಿಟ್ಟಾಗಿದ್ದರು. ಸ್ಟುಡಿಯೊಗಳ ವಿಚಾರವೂ ನಿಜ. ಒರಿಜಿನ್ ಸಿಸ್ಟಮ್ಸ್ ಅನ್ನು 1992ರಲ್ಲಿ ಕೊಂಡು 2004ರಲ್ಲಿ ಮುಚ್ಚಿತು. ವೆಸ್ಟ್‌ವುಡ್ ಅನ್ನು 1998ರಲ್ಲಿ ಕೊಂಡು 2003ರಲ್ಲಿ ಮುಚ್ಚಿತು. ಬುಲ್‌ಫ್ರಾಗ್, ಪ್ಯಾಂಡೆಮಿಕ್ ಕಥೆಯೂ ಇದೇ. ತನ್ನೊಳಗೇ ಬೆಳೆದ ವಿಸೆರಲ್ ಸ್ಟುಡಿಯೊವನ್ನೂ ಮುಚ್ಚಿತು. 2004ರಲ್ಲಿ ಇಎ ಉದ್ಯೋಗಿಯೊಬ್ಬರ ಸಂಗಾತಿ ಹೆಸರು ಹೇಳದೆ ಬರೆದ ಒಂದು ಪತ್ರ ಇಡೀ ಉದ್ಯಮವನ್ನು ಅಲುಗಾಡಿಸಿತು. ವಾರದ ಏಳೂ ದಿನ ಕೆಲಸ, ಓವರ್‌ಟೈಮ್ ಹಣ ಇಲ್ಲ, ಮನೆಗೆ ಬಂದ ಮನುಷ್ಯನಲ್ಲಿ ಮಾತಾಡುವ ತ್ರಾಣವೂ ಇಲ್ಲ ಅಂತ ಅದರಲ್ಲಿತ್ತು. ಮೊಕದ್ದಮೆಗಳು ನಡೆದು ಇಎ ಒಮ್ಮೆ 1.56 ಕೋಟಿ ಡಾಲರ್, ಇನ್ನೊಮ್ಮೆ 1.49 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಾನೂ ಒಂದು ಸ್ಟುಡಿಯೊದಲ್ಲಿ ಗೇಮ್ ಬಿಡುಗಡೆಗೆ ಮುಂಚೆ ಮೂರು ತಿಂಗಳು ಭಾನುವಾರದ ಮುಖ ಕಂಡಿರಲಿಲ್ಲ. ಹಾಗಾಗಿ ಆ ಪತ್ರ ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗಿತ್ತು. ಈಗಲೂ ಆಗುತ್ತದೆ.

ಈಗ ಈ ಕಂಪನಿ ಎಲ್ಲಿಂದ ಶುರುವಾಯಿತು ನೋಡಿ. 1982ರಲ್ಲಿ ಆಪಲ್ ಬಿಟ್ಟು ಬಂದ ಟ್ರಿಪ್ ಹಾಕಿನ್ಸ್ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಕಟ್ಟಿದರು. ಆ ಹೊತ್ತಿಗೆ ಅಟಾರಿಯಂಥ ದೊಡ್ಡ ಕಂಪನಿ ಗೇಮ್ ಬರೆದವರ ಹೆಸರನ್ನು ಡಬ್ಬದ ಮೇಲೆ ಹಾಕುತ್ತಲೇ ಇರಲಿಲ್ಲ. ಹಾಕಿನ್ಸ್ ಅದನ್ನು ತಿರುಗಿಸಿ ಹಾಕಿದರು. ಕಂಪನಿಗೆ ‘ಎಲೆಕ್ಟ್ರಾನಿಕ್ ಆರ್ಟಿಸ್ಟ್ಸ್’ ಅಂತ ಹೆಸರಿಡುವ ಮಾತು ಬಂದಿತ್ತು. ಆಗ ಒಳಗಿದ್ದವರೇ ಬೇಡ ಅಂದರು. ಕಲಾವಿದರು ನಾವಲ್ಲ, ಗೇಮ್ ಮಾಡಿಕೊಡುವವರು, ಆ ಪದ ಅವರಿಗೆ ಸೇರಿದ್ದು ಅನ್ನುವುದು ಅವರ ವಾದ. ಹಾಗಾಗಿ ‘ಆರ್ಟಿಸ್ಟ್ಸ್’ ಹೋಗಿ ‘ಆರ್ಟ್ಸ್’ ಉಳಿಯಿತು. ಇವತ್ತು ನಾವು ಬೈಯುವಾಗ ಬಾಯಿಗೆ ಬರುವ ಹೆಸರಿನ ಒಳಗೆ ಅಷ್ಟು ವಿನಯ ಇತ್ತು ಅಂತ ಎಷ್ಟು ಜನಕ್ಕೆ ಗೊತ್ತು?

1983ರ ಅವರ ಮೊದಲ ಗೇಮ್‌ಗಳ ಡಬ್ಬದ ಚಿತ್ರಗಳನ್ನು ಹುಡುಕಿ ನೋಡಿ. ಅದು ಡಬ್ಬವೇ ಅಲ್ಲ. ಹಳೆಯ ಗ್ರಾಮಫೋನ್ ರೆಕಾರ್ಡಿನ ಹಾಗೆ ಚಪ್ಪಟೆಯಾದ ಚೌಕದ ಕವರ್, ಪುಸ್ತಕದಂತೆ ತೆರೆಯುತ್ತದೆ. ಒಳಗೆ ಫ್ಲಾಪಿಯ ಜತೆಗೆ ಗೇಮ್ ಮಾಡಿದವರ ಪರಿಚಯ. ಪಿನ್‌ಬಾಲ್ ಕನ್‌ಸ್ಟ್ರಕ್ಷನ್ ಸೆಟ್ ಮೇಲೆ ಬಿಲ್ ಬಡ್ಜ್ ಹೆಸರು. ಆಡುವವರೇ ತಮ್ಮ ಪಿನ್‌ಬಾಲ್ ಮೇಜು ಕಟ್ಟಿಕೊಳ್ಳಬಹುದಾದ ಗೇಮ್ ಅದು. ಪತ್ರಿಕೆಗಳಿಗೆ ಕೊಟ್ಟ ಜಾಹೀರಾತಿನಲ್ಲಿ ಗೇಮ್‌ನ ಚಿತ್ರ ಇರಲಿಲ್ಲ, ಮಾಡಿದವರ ಫೋಟೊ ಇತ್ತು. ಸಂಗೀತಗಾರರನ್ನು ನಿಲ್ಲಿಸಿ ತೆಗೆಯುವಂಥ ಕಪ್ಪುಬಿಳುಪು ಫೋಟೊ. ‘ಕಂಪ್ಯೂಟರ್ ನಿಮ್ಮನ್ನು ಅಳಿಸಬಲ್ಲದೇ?’ ಅನ್ನುವುದು ಒಂದು ಜಾಹೀರಾತಿನ ತಲೆಬರಹ. ಗೇಮ್ ಅಂದರೆ ಮಕ್ಕಳಾಟಿಕೆ ಅಂದುಕೊಂಡಿದ್ದ ಕಾಲದಲ್ಲಿ ಈ ಪ್ರಶ್ನೆ ಕೇಳಿದ್ದು ದೊಡ್ಡ ವಿಷಯ. ನೀವು ಈ ಕೆಲಸಕ್ಕೆ ಬರುವವರು. ನಿಮ್ಮ ಹೆಸರು ಕ್ರೆಡಿಟ್ಸ್‌ನಲ್ಲಿ ಬಂದ ದಿನ ಇದನ್ನು ನೆನಪಿಸಿಕೊಳ್ಳಿ.

ಹೆಸರಿನ ವಿಷಯ ಬಂತಲ್ಲ, ನನ್ನದೇ ಒಂದು ನೆನಪು ಹೇಳುತ್ತೇನೆ. 2007ರಲ್ಲಿ ಮೈಸೂರಿನ ನಮ್ಮ ಬೀದಿಯ ಸೈಬರ್ ಸೆಂಟರ್‌ನಲ್ಲಿ ಗಂಟೆಗೆ 15 ರೂಪಾಯಿ. ಒಂದೇ ಕೀಬೋರ್ಡಿಗೆ ಇಬ್ಬರು ಮುಗಿಬಿದ್ದು ಇಎಯ ಕ್ರಿಕೆಟ್ 07 ಆಡುತ್ತಿದ್ದೆವು. ಕಾಮೆಂಟರಿ ರಿಚಿ ಬೆನೊ ಮತ್ತು ಮಾರ್ಕ್ ನಿಕೋಲಸ್ ಅವರದು. ಭಾರತ ತಂಡದ ಪರವಾನಗಿ ಇರಲಿಲ್ಲ. ಹಾಗಾಗಿ ನಮ್ಮ ಆಟಗಾರರ ಹೆಸರುಗಳೆಲ್ಲ ಅಕ್ಷರ ಅದಲುಬದಲು. ಸೈಬರ್ ನಡೆಸುತ್ತಿದ್ದ ಅಣ್ಣ ಒಂದು ರಾತ್ರಿ ಕೂತು, ಅಭಿಮಾನಿಗಳು ಮಾಡಿದ ಪ್ಯಾಚ್ (ಗೇಮನ್ನು ತಿದ್ದುವ ಫೈಲ್) ಹಾಕಿ ಎಲ್ಲರ ಹೆಸರು ಸರಿ ಮಾಡಿಟ್ಟಿದ್ದರು. ಮರುದಿನ ದ್ರಾವಿಡ್ ಹೆಸರು ದ್ರಾವಿಡ್ ಅಂತಲೇ ಪರದೆಯ ಮೇಲೆ ಬಂದಾಗ ಇಡೀ ಅಂಗಡಿ ಚಪ್ಪಾಳೆ ಹೊಡೆಯಿತು. ಆ ಗೇಮ್ ಬರೆದದ್ದು ಎಚ್‌ಬಿ ಸ್ಟುಡಿಯೋಸ್, ಕೆನಡಾದ ಲುನೆನ್‌ಬರ್ಗ್ ಎಂಬ ಪುಟ್ಟ ಕಡಲೂರಿನವರು. ಅಲ್ಲಿಂದ ಬಂದ ಗೇಮ್ ನಮ್ಮೂರಲ್ಲಿ ಹತ್ತು ವರ್ಷ ಓಡಿತು. ಮುಂದೆ ಇಎಯ ಫುಟ್‌ಬಾಲ್ ಗೇಮ್ ಫೀಫಾ 22ಕ್ಕೆ ಇಂಡಿಯನ್ ಸೂಪರ್ ಲೀಗ್ ಸೇರಿದಾಗ ಬೆಂಗಳೂರು ಎಫ್‌ಸಿ ನೀಲಿ ಜೆರ್ಸಿಯಲ್ಲಿ ಸುನಿಲ್ ಛೆಟ್ರಿಯನ್ನು ಆಡಿಸಬಹುದಾಯಿತು. ಈ ಸಲ ಹೆಸರು ತಿದ್ದುವ ಪ್ಯಾಚ್ ಬೇಕಾಗಲಿಲ್ಲ.

ನೀವು ಎಂಜಿನಿಯರಿಂಗ್ ಓದುತ್ತಿರುವುದರಿಂದ ಇದನ್ನೂ ಹೇಳಬೇಕು. 1985ರಲ್ಲಿ ಇಎ ಅಮಿಗ ಕಂಪ್ಯೂಟರಿಗೆ ಡಿಲಕ್ಸ್ ಪೇಂಟ್ ಎಂಬ ಚಿತ್ರ ಬರೆಯುವ ತಂತ್ರಾಂಶ ಬಿಟ್ಟಿತು. ಬರೆದವರು ಡ್ಯಾನ್ ಸಿಲ್ವಾ. ಮೊದಲು ಅದು ತಮ್ಮ ಕಲಾವಿದರಿಗೆಂದೇ ಮಾಡಿಕೊಂಡ ಸಾಧನ. ಟುಟಂಖಾಮನ್‌ನ ಚಿನ್ನದ ಮುಖವಾಡದ ಚಿತ್ರ ನೋಡಿದ್ದೀರಾ? ಅದೇ ಅದರ ಗುರುತು. ಒಂದು ಪೀಳಿಗೆಯ ಗೇಮ್ ಕಲಾವಿದರು ಅದರಲ್ಲೇ ಕೈ ಪಳಗಿಸಿಕೊಂಡರು. ಅದೇ ವರ್ಷ ಇಎಯ ಜೆರ್ರಿ ಮಾರಿಸನ್ ಐಎಫ್‌ಎಫ್ ಎಂಬ ಫೈಲ್ ವಿನ್ಯಾಸ ಮಾಡಿದರು. ಮಾಹಿತಿಯನ್ನು ತುಂಡು ತುಂಡಾಗಿ ಇಟ್ಟು, ಪ್ರತಿ ತುಂಡಿಗೂ ನಾಲ್ಕು ಅಕ್ಷರದ ಹೆಸರು ಮತ್ತು ಅಳತೆ ಬರೆಯುವ ಕ್ರಮ ಅದು. ಗೊತ್ತಿಲ್ಲದ ತುಂಡು ಬಂದರೆ ಪ್ರೋಗ್ರಾಂ ಸುಮ್ನೆ ದಾಟಿಕೊಂಡು ಮುಂದೆ ಹೋಗಬಹುದು. ಬೇರೆ ಬೇರೆ ಕಂಪನಿಯ ತಂತ್ರಾಂಶಗಳು ಒಂದರ ಫೈಲ್ ಇನ್ನೊಂದು ಓದಲಿ ಅಂತಲೇ ಅದನ್ನು ಎಲ್ಲರಿಗೂ ತೆರೆದಿಟ್ಟರು. ಮುಂದೆ ಮೈಕ್ರೋಸಾಫ್ಟ್ ಮತ್ತು ಐಬಿಎಂ ಇದೇ ಕ್ರಮ ತೆಗೆದುಕೊಂಡು ಧ್ವನಿ ಇಡುವ ವೇವ್ ಫೈಲ್ ಮಾಡಿದವು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ವೇವ್ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟ್‌ಗಳನ್ನು ನೇರವಾಗಿ ತೋರಿಸುವ ತಂತ್ರಾಂಶ) ತೆರೆಯಿರಿ. ಮೊದಲ ನಾಲ್ಕು ಅಕ್ಷರ ಆರ್, ಐ, ಎಫ್, ಎಫ್. ಐಎಫ್‌ಎಫ್‌ನ ವಂಶದ ಗುರುತು ಇನ್ನೂ ಹಾಗೇ ಇದೆ.

ಹತ್ತಿರದ ಕಾಲಕ್ಕೆ ಬಂದರೆ ನನಗೆ ತುಂಬ ಇಷ್ಟವಾದದ್ದು ಅಪೆಕ್ಸ್ ಲೆಜೆಂಡ್ಸ್‌ನ ಪಿಂಗ್. ಇಎ ಅಡಿಯ ರೆಸ್ಪಾನ್ ಸ್ಟುಡಿಯೊ 2019ರಲ್ಲಿ ತಂದ ಗೇಮ್. ಒಂದು ಜಾಗದ ಕಡೆ ನೋಡಿ ಗುಂಡಿ ಒತ್ತಿದರೆ ಸಾಕು, ಜೊತೆಗಾರರ ಪರದೆಯ ಮೇಲೂ ಅಲ್ಲಿ ಗುರುತು ಮೂಡುತ್ತದೆ. ನಿಮ್ಮ ಪಾತ್ರವೇ ಅದನ್ನು ಬಾಯಿಬಿಟ್ಟು ಹೇಳುತ್ತದೆ. ಬಂದೂಕಿನ ಕಡೆ ಒತ್ತಿದರೆ ಇಲ್ಲಿ ಬಂದೂಕಿದೆ ಅನ್ನುತ್ತದೆ, ಎರಡು ಸಲ ಒತ್ತಿದರೆ ಶತ್ರು ಅನ್ನುತ್ತದೆ. ಮೈಕ್ ಬೇಡ, ಇಂಗ್ಲಿಷ್ ಬೇಡ. ಕಿವಿ ಕೇಳದವರು, ಮಾತು ಬಾರದವರು ಎಲ್ಲರ ಸಮಕ್ಕೆ ಆಡಬಹುದು. ಅಪರಿಚಿತರೊಂದಿಗೆ ಮಾತಾಡಲು ಹಿಂಜರಿಯುವ ಹೆಣ್ಣುಮಕ್ಕಳಿಗೂ ಇದು ದೊಡ್ಡ ಅನುಕೂಲ. ಇದರ ಪೇಟೆಂಟ್ ಇಎ ಕೈಯಲ್ಲಿತ್ತು. 2021ರ ಆಗಸ್ಟ್‌ನಲ್ಲಿ ಇದನ್ನೂ, ಬಣ್ಣಗುರುಡು ಇರುವವರಿಗೆ ನೆರವಾಗುವಂಥ ತಂತ್ರಗಳನ್ನೂ ಸೇರಿಸಿ 5 ಪೇಟೆಂಟ್‌ಗಳನ್ನು ಯಾರು ಬೇಕಾದರೂ ಪುಕ್ಕಟೆ ಬಳಸಿಕೊಳ್ಳಿ, ನಾವು ಕೇಸು ಹಾಕುವುದಿಲ್ಲ ಅಂತ ಪ್ರತಿಜ್ಞೆ ಮಾಡಿತು. ಎದುರಾಳಿ ಕಂಪನಿಗಳಿಗೂ ಇದು ಅನ್ವಯ. ಇಂಥದ್ದಕ್ಕೂ ಮತದಾನದಲ್ಲಿ ಒಂದು ಬಹುಮಾನ ಬರಬೇಕಿತ್ತು.

ಇಟ್ ಟೇಕ್ಸ್ ಟೂ ಆಡಿಲ್ಲವಾದರೆ ಆಡಿ. ಸ್ವೀಡನ್ನಿನ ಜೋಸೆಫ್ ಫಾರೆಸ್ ಅವರ ಹೇಜ್‌ಲೈಟ್ ಮಾಡಿದ್ದು, ಇಎ ಪ್ರಕಟಿಸಿದ್ದು. 2021ರಲ್ಲಿ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿ ಪಡೆಯಿತು. ಇಬ್ಬರೇ ಆಡಬೇಕಾದ ಗೇಮ್, ಆದರೆ ಒಬ್ಬರು ಕೊಂಡರೆ ಇನ್ನೊಬ್ಬರಿಗೆ ಉಚಿತ. ನಿಮ್ಮ ಹಾಸ್ಟೆಲ್ಲಿನಲ್ಲಿ ಅತಿ ಜೋರಾಗಿ ಬೈಯುವ ಗೆಳೆಯ ಯಾರು? ಅವರನ್ನೇ ಜೊತೆಗೆ ಕೂರಿಸಿಕೊಳ್ಳಿ.

ನನ್ನ ಅಭಿಪ್ರಾಯ ಇಷ್ಟು. ಗೇಮ್ ಮಾಡಿದವರನ್ನು ಮುಂದೆ ನಿಲ್ಲಿಸಿ ತಾನು ಹಿಂದೆ ಸರಿದಾಗೆಲ್ಲ ಈ ಕಂಪನಿಯಿಂದ ಒಳ್ಳೆಯದು ಬಂದಿದೆ. ಅವರನ್ನು ಬರೀ ಲೆಕ್ಕದ ಸಾಲು ಮಾಡಿದಾಗ ಕೆಟ್ಟದ್ದು ಬಂದಿದೆ. ನೀವು ಮೆಚ್ಚಿದ್ದು ಬಿಲ್ ಬಡ್ಜ್ ಅಂಥವರ, ಡ್ಯಾನ್ ಸಿಲ್ವಾ ಅಂಥವರ ಕೆಲಸವನ್ನು. ಅದಕ್ಕೆ ನಾಚಿಕೆ ಯಾಕೆ?

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಇದೇ ಕಂಪನಿಯ ಫುಟ್‌ಬಾಲ್ ಗೇಮ್‌ನಲ್ಲಿ ‘ಪ್ಯಾಕ್’ ಕೊಳ್ಳಲು ನನ್ನ ಕಾರ್ಡಿನಿಂದ 4,000 ರೂಪಾಯಿ ಖರ್ಚು ಮಾಡಿದ್ದಾನೆ. ಇದು ಜೂಜಲ್ಲವೇ? — ಮಂಡ್ಯದ ಓದುಗರೊಬ್ಬರು

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ ಮೇಡಂ. ಪ್ಯಾಕ್ ಅಂದರೆ ಮುಚ್ಚಿದ ಪೊಟ್ಟಣ. ಒಳಗೆ ಯಾವ ಆಟಗಾರ ಸಿಗುತ್ತಾನೆ ಅಂತ ದುಡ್ಡು ಕೊಟ್ಟ ಮೇಲೇ ಗೊತ್ತಾಗೋದು. ಈ ಬಗೆಯ ವ್ಯವಹಾರವನ್ನು ಬೆಲ್ಜಿಯಂ 2018ರಲ್ಲಿ ಜೂಜು ಅಂದಿತು. ಇಎ 2019ರ ಜನವರಿಯಲ್ಲಿ ಅಲ್ಲಿ ಪ್ಯಾಕ್ ಕೊಳ್ಳಲು ಬಳಸುವ ಫೀಫಾ ಪಾಯಿಂಟ್ಸ್ ಮಾರುವುದನ್ನು ನಿಲ್ಲಿಸಿತು. 2017ರಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಬಂದಾಗಲೂ ಇಂಥದ್ದಕ್ಕೇ ಜನ ಸಿಡಿದೆದ್ದರು. ಬಿಡುಗಡೆಗೆ ಕೆಲವೇ ಗಂಟೆ ಇರುವಾಗ ದುಡ್ಡಿನ ಖರೀದಿಯನ್ನು ತೆಗೆಯಬೇಕಾಯಿತು. ಮೇಲೆ ಎಷ್ಟೇ ಹೊಗಳಿದರೂ, ಮಕ್ಕಳ ಕೈಗೆ ಸಿಗುವ ಗೇಮ್‌ನಲ್ಲಿ ಇದು ಇರಬಾರದು ಅನ್ನುವುದು ನನ್ನ ಖಚಿತ ನಿಲುವು.

ಈಗ ಮಾಡಬೇಕಾದ್ದು: ಕನ್ಸೋಲ್ ಖಾತೆಯಲ್ಲಿ ಉಳಿಸಿರುವ ಕಾರ್ಡ್ ಅಳಿಸಿ. ಮಗನ ಖಾತೆಯನ್ನು ಮಕ್ಕಳ ಖಾತೆ ಮಾಡಿ, ಖರೀದಿಯ ಮಿತಿಯನ್ನು ಸೊನ್ನೆಗೆ ಇಡಿ. ಗೇಮ್ ಒಳಗೇ ‘ಪ್ಲೇಟೈಮ್’ ಅನ್ನುವ ವಿಭಾಗ ಇದೆ. ಎಷ್ಟು ಆಟ ಆಡಿದ, ಎಷ್ಟು ಪ್ಯಾಕ್ ತೆರೆದ ಅಂತ ಅದು ತೋರಿಸುತ್ತದೆ, ಮಿತಿ ಹಾಕಲೂ ಬಿಡುತ್ತದೆ. ಪ್ರತಿ ಪ್ಯಾಕಿನ ಮೇಲೂ ಒಳ್ಳೆಯ ಆಟಗಾರ ಸಿಗುವ ಸಂಭವ ಶೇಕಡಾ ಎಷ್ಟು ಅಂತ ಬರೆದಿರುತ್ತದೆ. ಮಗನ ಪಕ್ಕ ಕೂತು ಆ ಅಂಕಿ ಓದಿಸಿ, ಎಷ್ಟು ಪ್ಯಾಕ್‌ಗೆ ಒಬ್ಬ ಸಿಗಬಹುದು ಅಂತ ಅವನೇ ಲೆಕ್ಕ ಮಾಡಲಿ. ಬೈದರೆ ಮುಚ್ಚಿಡುತ್ತಾನೆ, ಲೆಕ್ಕ ಮಾಡಿದರೆ ಅವನಿಗೇ ಅರ್ಥವಾಗುತ್ತದೆ.

ಪ್ರಶ್ನೆ: ಇಎಯ ಯುದ್ಧದ ಗೇಮ್ ಕಮಾಂಡ್ ಆ್ಯಂಡ್ ಕಾಂಕರ್ ಜನರಲ್ಸ್‌ನ ಹಳೆಯ ಸಿಡಿ ನನ್ನ ಹತ್ತಿರ ಇದೆ. ಅದರ ಸೋರ್ಸ್ ಕೋಡ್ (ಪ್ರೋಗ್ರಾಮರ್‌ಗಳು ಬರೆದ ಮೂಲ ಕೋಡ್) ಈಗ ಸಿಗುತ್ತದಂತೆ, ನಿಜವೇ? — ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ನಿಜ. 2025ರ ಫೆಬ್ರುವರಿಯಲ್ಲಿ ಇಎ ಜನರಲ್ಸ್, ಝೀರೊ ಅವರ್, ರೆನೆಗೇಡ್, ಮೊದಲ ಕಮಾಂಡ್ ಆ್ಯಂಡ್ ಕಾಂಕರ್ ಮತ್ತು ರೆಡ್ ಅಲರ್ಟ್‌ನ ಕೋಡ್ ಅನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ, ಕೋಡ್ ಹಂಚುವ ತಾಣ ಗಿಟ್‌ಹಬ್‌ಗೆ ಹಾಕಿತು. ಓದಬಹುದು, ಬದಲಾಯಿಸಬಹುದು, ಹಂಚಬಹುದು. ಹಂಚಿದರೆ ನಿಮ್ಮ ಬದಲಾವಣೆಯೂ ಅದೇ ಷರತ್ತಿನಲ್ಲಿ ತೆರೆದಿರಬೇಕು. ಚಿತ್ರ, ಸಂಗೀತ ಇದರಲ್ಲಿ ಬರುವುದಿಲ್ಲ. ಅದಕ್ಕೆ ನಿಮ್ಮ ಸಿಡಿ ಬೇಕೇ ಬೇಕು, ಜೋಪಾನ. ಬೇರೆ ಕಂಪನಿಗಳಿಗೆ ಸೇರಿದ ಕೆಲವು ಲೈಬ್ರರಿಗಳೂ ಇಲ್ಲ, ಹಾಗಾಗಿ ಮೊದಲ ದಿನವೇ ಕಂಪೈಲ್ ಆಗಲಿಲ್ಲ (ಕೋಡ್‌ನಿಂದ ಓಡುವ ಗೇಮ್ ಬರಲಿಲ್ಲ) ಅಂತ ಬೇಜಾರಾಗಬೇಡಿ.

ಈ ಸರಣಿಯನ್ನು ಹುಟ್ಟುಹಾಕಿದ್ದು ಇಎ ಮುಚ್ಚಿದ ಅದೇ ವೆಸ್ಟ್‌ವುಡ್. 2020ರಲ್ಲಿ ಹಳೆಯ ಎರಡು ಗೇಮ್‌ಗಳನ್ನು ಹೊಸದಾಗಿ ತರುವಾಗ ಇಎ ಆ ಕೆಲಸವನ್ನು ಪೆಟ್ರೋಗ್ಲಿಫ್‌ಗೆ ಕೊಟ್ಟಿತು. ವೆಸ್ಟ್‌ವುಡ್ ಬಿಟ್ಟು ಬಂದವರೇ ಕಟ್ಟಿದ ಸ್ಟುಡಿಯೊ ಅದು. ಸಂಗೀತಕ್ಕೆ ಮತ್ತೆ ಫ್ರಾಂಕ್ ಕ್ಲೆಪಾಕಿಯೇ ಬಂದರು. ಅಂದಿನ ತಪ್ಪು ಇದರಿಂದ ಅಳಿಸುವುದಿಲ್ಲ. ಆದರೆ ಕೋಡ್ ಎಲ್ಲರ ಕೈಗೆ ಬಂದ ಮೇಲೆ ಆ ಕೆಲಸಕ್ಕೆ ಇನ್ನು ಯಾರೂ ಬೀಗ ಹಾಕಲಾರರು.

ಶುರುವಿಗೆ ಒಂದು ಸುಲಭದ ದಾರಿ. ಜನರಲ್ಸ್‌ನ ಟ್ಯಾಂಕು, ಕಟ್ಟಡಗಳ ವಿವರ ಐಎನ್‌ಐ ಎಂಬ ಸರಳ ಪಠ್ಯದ ಫೈಲುಗಳಲ್ಲಿರುತ್ತದೆ. ಒಂದು ಟ್ಯಾಂಕಿನ ‘ಬಿಲ್ಡ್‌ಕಾಸ್ಟ್’ ಅಂಕಿ ಎಲ್ಲಿದೆ ಹುಡುಕಿ. ಆಮೇಲೆ ಕೋಡ್‌ನಲ್ಲಿ ಅದೇ ಪದ ಹುಡುಕಿ, ಆ ಅಂಕಿಯನ್ನು ಗೇಮ್ ಎಲ್ಲಿ ಓದುತ್ತದೆ, ನಿಮ್ಮ ಖಜಾನೆಯಿಂದ ಎಲ್ಲಿ ಕಳೆಯುತ್ತದೆ ನೋಡಿ. ಒಂದು ಸಂಜೆ ಅದಕ್ಕೇ ಸಾಕು. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಬರೆದು ತಿಳಿಸಿ, ಅಲ್ಲಿಂದ ಮುಂದಕ್ಕೆ ನೋಡೋಣ.