ಕೆನ್ಯಾದ ಶಾಲೆಗೆ ಹೊರಟ ಮಗಳು

ಪ್ರಶ್ನೆ: ನನ್ನ ಮಗಳು ಈ ವರ್ಷ ಬಿ.ಎಡ್. ಮುಗಿಸಿದ್ದಾಳೆ. ಕೆಲಸಕ್ಕೆ ಸೇರುವ ಮೊದಲು ಕೆನ್ಯಾದ ನೈರೋಬಿಯಲ್ಲಿ, ಕಿಬೇರಾ ಎಂಬ ಕೊಳೆಗೇರಿಯ ಶಾಲೆಯೊಂದರಲ್ಲಿ ಎರಡು ತಿಂಗಳು ಸಂಬಳವಿಲ್ಲದೆ ಪಾಠ ಮಾಡಿ ಬರುತ್ತೇನೆ ಎನ್ನುತ್ತಾಳೆ. ಕಳುಹಿಸಿಕೊಡುವ ಸಂಸ್ಥೆಯವರು ವಿಮಾನದ ಖರ್ಚು ಬಿಟ್ಟು ಒಂದೂವರೆ ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಸೇವೆ ಮಾಡುವವರೇ ದುಡ್ಡು ಕೊಡುವುದುಂಟೆ? ಹೆಣ್ಣುಮಗಳನ್ನು ಅಷ್ಟು ದೂರ ಕಳುಹಿಸಬಹುದೆ?
– ಒಬ್ಬ ತಾಯಿ, ತುಮಕೂರು

ಉತ್ತರ: ತಾಯೀ, ದುಡ್ಡು ಕೇಳಿದ ಮಾತ್ರಕ್ಕೆ ಅದು ಮೋಸವೆಂದು ಹೇಳಲಾಗದು. ಊಟ, ವಸತಿ, ನೋಡಿಕೊಳ್ಳುವ ಸ್ಥಳೀಯರ ಸಂಬಳ ಎಲ್ಲಕ್ಕೂ ಖರ್ಚಿದೆ. ಆದರೆ ಆ ಒಂದೂವರೆ ಲಕ್ಷದಲ್ಲಿ ಯಾವುದಕ್ಕೆ ಎಷ್ಟು, ಶಾಲೆಯ ಕೈಗೆ ಸೇರುವುದೆಷ್ಟು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಮಾತು ಅಲ್ಲಿಗೇ ನಿಲ್ಲಲಿ. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮವು ಅರ್ಜಿದಾರರಿಂದ ಶುಲ್ಕ ಪಡೆಯುವುದಿಲ್ಲ, ಜೀವನವೆಚ್ಚಕ್ಕೆ ಭತ್ಯೆಯನ್ನೂ ಕೊಡುತ್ತದೆ. ಅಲ್ಲಿ ಆಯ್ಕೆಯಾಗುವುದು ಕಷ್ಟವೆಂಬುದು ಬೇರೆ ಮಾತು.

ನನಗೆ ದುಡ್ಡಿಗಿಂತ ದೊಡ್ಡದಾಗಿ ಕಾಣುವ ಪ್ರಶ್ನೆಯೆಂದರೆ, ಅವಳನ್ನು ಬರಹೇಳಿದವರು ಯಾರು, ಯಾವ ತರಗತಿಗೆ, ಯಾವ ಕೆಲಸಕ್ಕೆ ಎಂಬುದು. ಕೆನ್ಯಾದಲ್ಲಿ 2003ರಲ್ಲಿ ಪ್ರಾಥಮಿಕ ಶಿಕ್ಷಣದ ಶುಲ್ಕವನ್ನು ಸರ್ಕಾರ ರದ್ದುಮಾಡಿತು. ಆದರೂ ಕಿಬೇರಾದಂಥ ಕಡೆ ಸರ್ಕಾರಿ ಶಾಲೆಗಳು ಸಾಲದೆ, ಚರ್ಚುಗಳೋ ಅಲ್ಲಿನ ನಿವಾಸಿಗಳೋ ತಗಡಿನ ಸೂರಿನಡಿ ನಡೆಸುವ ಸಣ್ಣ ಶಾಲೆಗಳಲ್ಲೇ ಬಹಳಷ್ಟು ಮಕ್ಕಳು ಓದುತ್ತಾರೆ. ಅಲ್ಲಿ ಪಾಠ ಮಾಡುವವರು ಬಹುತೇಕ ಅದೇ ಬಡಾವಣೆಯ ಸುತ್ತಮುತ್ತಲಿನವರು. ಅವರಿಗೆ ಸಿಗುವುದು ಅಲ್ಪ ಸಂಬಳ, ಅದೂ ತಿಂಗಳಿಗೆ ಸರಿಯಾಗಿ ಬರುತ್ತದೆಂಬ ಖಾತ್ರಿಯಿಲ್ಲ. ಅವರನ್ನು ಪಕ್ಕಕ್ಕೆ ಸರಿಸಿ ಕರಿಹಲಗೆಯ ಮುಂದೆ ನಿಲ್ಲುವುದು ನಿಮ್ಮ ಮಗಳ ಕೆಲಸವಾಗಬಾರದು. ಅಲ್ಲಿನ ಕಾನೂನಿನ ಪ್ರಕಾರವೂ ಶಿಕ್ಷಕರಾದವರು ಶಿಕ್ಷಕರ ಸೇವಾ ಆಯೋಗದಲ್ಲಿ ನೋಂದಣಿಯಾಗಿರಬೇಕು. ಹಿಂದುಳಿದ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಓದಿಸುವುದು, ನೋಟ್‌ಬುಕ್ ತಿದ್ದುವುದು, ಅಲ್ಲಿನ ಶಿಕ್ಷಕಿಯ ಜೊತೆ ಕೂತು ಪಾಠೋಪಕರಣ ತಯಾರಿಸುವುದು, ಇವು ಅವಳು ಹೊರಟುಬಂದ ಮೇಲೂ ಉಳಿಯುವ ಕೆಲಸಗಳು. ಜೂನ್‌ನಲ್ಲಿ ಬಂದ ಅತಿಥಿ ಶಿಕ್ಷಕರಿಗೆ ಮಕ್ಕಳು ಒಗ್ಗಿಕೊಳ್ಳುವ ಹೊತ್ತಿಗೆ ಅವರು ಬದಲಾಗಿ, ಪಾಠ ಮತ್ತೆ ಮೊದಲಿನಿಂದ ಶುರುವಾಗುವುದನ್ನು ನಮ್ಮ ಜಿಲ್ಲೆಯಲ್ಲೇ ನೀವು ನೋಡಿರುತ್ತೀರಿ.

ಭಾಷೆಯ ಮಾತಿಗೆ ಬಂದರೆ, ಪಾವಗಡ ತಾಲ್ಲೂಕಿನಲ್ಲಿ ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯೊಂದಕ್ಕೆ ನಾನು ಮೇಷ್ಟ್ರಾಗಿ ಹೋದ ಹೊಸತು ನೆನಪಾಗುತ್ತದೆ. ಮನೆಮಾತು ತೆಲುಗಾಗಿದ್ದ ಮೂರನೆಯ ತರಗತಿಯ ಹುಡುಗಿಯೊಬ್ಬಳು ‘ಬೆಕ್ಕು ಹಾಲು ಕುಡಿಯಿತು’ ಎಂದು ಒಂದಕ್ಷರವೂ ತಪ್ಪದೆ ಓದಿದಳು. ಬೆಕ್ಕು ಅಂದರೆ ಏನಮ್ಮ ಎಂದು ಕೇಳಿದರೆ, ಬೆರಳನ್ನು ಆ ಪದದ ಮೇಲೇ ಊರಿಕೊಂಡು ಸುಮ್ಮನೆ ನಿಂತಳು. ಹಿಂದಿನ ಸಾಲಿನಿಂದ ಯಾರೋ ‘ಪಿಲ್ಲಿ’ ಎಂದು ಪಿಸುಗುಟ್ಟಿದ್ದೇ ತಡ, ಪುಸ್ತಕವನ್ನು ಮಡಚಿ, ತಮ್ಮ ಮನೆಯ ಬೆಕ್ಕು ಅಟ್ಟದಿಂದ ಬಿದ್ದ ಕಥೆಯನ್ನು ತೆಲುಗಿನಲ್ಲಿ ಹೇಳತೊಡಗಿದಳು. ಆ ಕಥೆಯಲ್ಲಿ ಅರ್ಧದಷ್ಟೂ ನನಗೆ ತಿಳಿಯಲಿಲ್ಲ. ಅವರ ತೆಲುಗು ನನ್ನ ಹಿಡಿತಕ್ಕೆ ಬರಲು ವರ್ಷ ಹಿಡಿಯಿತು. ನಿಮ್ಮ ಮಗಳಿಗಿರುವುದು ಎರಡೇ ತಿಂಗಳು. ಕೆನ್ಯಾದಲ್ಲಿ ಮೇಲಿನ ತರಗತಿಗಳ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ ನಿಜ, ಆದರೆ ಕಿಬೇರಾದ ಮಕ್ಕಳು ಆಡಿಕೊಳ್ಳುವುದು ಸ್ವಾಹಿಲಿಯಲ್ಲಿ ಅಥವಾ ಸ್ವಾಹಿಲಿಗೆ ಇಂಗ್ಲಿಷ್ ಬೆರೆತ ‘ಶೆಂಗ್’ ಎಂಬ ಬೀದಿಮಾತಿನಲ್ಲಿ. ಹೊರಡುವ ಮುನ್ನ ದಿನಕ್ಕೆ ಒಂದು ಗಂಟೆಯಾದರೂ ಅವಳು ಸ್ವಾಹಿಲಿ ಕಲಿಯಲಿ. ಮಕ್ಕಳು ತನ್ನನ್ನು ‘ಮ್ವಾಲಿಮು’ ಎಂದು ಕರೆದರೆ ಅದು ‘ಟೀಚರ್’ ಎಂದಷ್ಟೇ ತಿಳಿದುಕೊಂಡು ಹೋದರೆ ಸಾಲದು.

ಇನ್ನು ದಾಖಲೆಗಳು. 2024ರ ಜನವರಿಯಿಂದ ಕೆನ್ಯಾವು ವೀಸಾದ ಬದಲು ಆನ್‌ಲೈನ್ ಮೂಲಕ ಪಡೆಯುವ ಪೂರ್ವಾನುಮತಿಯ ಪದ್ಧತಿಯನ್ನು ತಂದಿದೆ. ಪ್ರವಾಸಕ್ಕೆಂದು ಪಡೆದ ಅನುಮತಿಯಲ್ಲಿ ಶಾಲೆಯ ಕೆಲಸ ಮಾಡುವಂತಿಲ್ಲ, ಸಂಬಳವಿಲ್ಲದಿದ್ದರೂ ಅಷ್ಟೇ. ಅದಕ್ಕೆ ಬೇಕಾದ ವಿಶೇಷ ಪಾಸನ್ನು ಬರಮಾಡಿಕೊಳ್ಳುವವರೇ ಮಾಡಿಸಿಕೊಡಬೇಕು. ‘ಟೂರಿಸ್ಟ್ ಎಂದೇ ಬನ್ನಿ, ಯಾರೂ ಕೇಳುವುದಿಲ್ಲ’ ಎನ್ನುವ ಸಂಸ್ಥೆಯನ್ನು ನಂಬಬೇಡಿ. ಹಳದಿ ಜ್ವರದ ಲಸಿಕೆಯನ್ನು ಬೆಂಗಳೂರಿನ ಅಧಿಕೃತ ಕೇಂದ್ರದಲ್ಲಿ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು, ಏಕೆಂದರೆ ಆ ಪ್ರಮಾಣಪತ್ರ ಇಲ್ಲದೆ ಕೆನ್ಯಾದಿಂದ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಒಮ್ಮೆ ಹಾಕಿಸಿಕೊಂಡರೆ ಅದು ಜೀವನಪೂರ್ತಿ ಊರ್ಜಿತ. ಅಲ್ಲಿನ ಶಾಲಾ ವರ್ಷ ಜನವರಿಯಲ್ಲಿ ಆರಂಭವಾಗಿ, ಏಪ್ರಿಲ್ ಮತ್ತು ಆಗಸ್ಟ್‌ನಲ್ಲಿ ನಡುವೆ ರಜೆ ಬೀಳುತ್ತದೆ. ಜೂನ್, ಜುಲೈ ಆದರೆ ತರಗತಿಗಳು ನಡೆಯುತ್ತಿರುತ್ತವೆ.

ಸುರಕ್ಷತೆಯ ವಿಚಾರದಲ್ಲಿ, ಉಳಿಯುವ ಮನೆ ಯಾರದು, ಕತ್ತಲಾಗುವ ಮೊದಲು ಜೊತೆಗಿದ್ದು ಮನೆ ಮುಟ್ಟಿಸುವವರು ಯಾರು ಎಂಬುದು ಹೆಸರು ಸಹಿತ ನಿಮಗೆ ತಿಳಿದಿರಲಿ. ಶಾಲೆಯವರೂ ಅವಳಿಂದ ಪೊಲೀಸ್ ಪರಿಶೀಲನಾ ಪತ್ರ ಕೇಳಬೇಕು. ತಮ್ಮ ಮಕ್ಕಳ ನಡುವೆ ಯಾರನ್ನು ಬಿಟ್ಟುಕೊಳ್ಳುತ್ತಿದ್ದೇವೆ ಎಂದು ವಿಚಾರಿಸದ ಶಾಲೆ ನಿಮ್ಮ ಮಗಳನ್ನೂ ಅಷ್ಟೇ ನೋಡಿಕೊಳ್ಳುತ್ತದೆ. ಊಟದ ಚಿಂತೆ ಮಾತ್ರ ಬೇಡ. ಅಲ್ಲಿನ ‘ಉಗಾಲಿ’ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಸೊಪ್ಪಿನ ಪಲ್ಯದ ಜೊತೆ ತಿನ್ನುತ್ತಾರೆ. ಬೆಳಗಿನ ಗಂಜಿಗೆ ರಾಗಿಯೂ ಉಂಟು. ನಮ್ಮ ರಾಗಿಯ ತವರು ಪೂರ್ವ ಆಫ್ರಿಕಾವೇ ತಾನೆ!

ಇವಿಷ್ಟಕ್ಕೂ ಸರಿಯಾದ ಉತ್ತರ ಸಿಕ್ಕರೆ, ತಾಯೀ, ಧೈರ್ಯವಾಗಿ ಕಳುಹಿಸಿ.

ಪ್ರಶ್ನೆ: ಕಾಂಬೋಡಿಯಾದ ಅನಾಥಾಲಯವೊಂದರಲ್ಲಿ ಎರಡು ವಾರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಗೆಳೆಯರೆಲ್ಲ ಹೊರಟಿದ್ದೇವೆ. ತಮ್ಮ ಸಲಹೆ?
– ಪದವಿ ವಿದ್ಯಾರ್ಥಿ, ಕೋಲಾರ

ಉತ್ತರ: ಬೇಡ. ಆ ದೇಶದಲ್ಲಿ 2005ರಲ್ಲಿ 154 ಇದ್ದ ಅನಾಥಾಲಯಗಳು 2010ರ ಹೊತ್ತಿಗೆ 269 ಆದವು. ಹೆಚ್ಚಿದ್ದು ಅನಾಥರಲ್ಲ, ನಿಮ್ಮಂತೆ ಕನಿಕರದಿಂದ ಬಂದು ದುಡ್ಡು ಕೊಟ್ಟು ಹೋಗುವ ಪ್ರವಾಸಿಗರು. ಅಲ್ಲಿದ್ದ ಮಕ್ಕಳಲ್ಲಿ ನಾಲ್ವರಿಗೆ ಮೂವರಂತೆ ತಂದೆಯೋ ತಾಯಿಯೋ ಬದುಕಿದ್ದರು. ಹೋಗಲೇಬೇಕೆಂದಿದ್ದರೆ, ಸಂಜೆ ಗಂಟೆ ಹೊಡೆದ ಮೇಲೆ ಮಕ್ಕಳು ತಮ್ಮ ತಮ್ಮ ಮನೆಗೆ ಹೋಗುವ ಶಾಲೆಯೊಂದನ್ನು ಹುಡುಕಿ, ಎರಡು ವಾರದಲ್ಲಿ ನಮ್ಮಿಂದ ಏನು ಉಪಯೋಗವಾದೀತು ಎಂದು ಅಲ್ಲಿನ ಮುಖ್ಯೋಪಾಧ್ಯಾಯರಿಗೆ ಮೊದಲು ಪತ್ರ ಬರೆಯಿರಿ.