ಅರ್ಧ ಎದೆಹಾಲು, ಅರ್ಧ ಡಬ್ಬಿ ಹಾಲು

ಎದೆಹಾಲು ಕಮ್ಮಿ ಮಾಡಿ ಡಬ್ಬಿ ಹಾಲು ಸೇರಿಸಿದರೆ ಮಗುವಿಗೆ ಎಚ್‌ಐವಿ ತಗುಲುವ ಅಪಾಯವೂ ಕಮ್ಮಿ ಅನ್ನುವ ಲೆಕ್ಕಾಚಾರವನ್ನು ಎಚ್‌ಐವಿ ಇರುವ ಎಷ್ಟೋ ತಾಯಂದಿರ ಬಾಯಲ್ಲಿ ಕೇಳಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಉತ್ತರ ಕರ್ನಾಟಕದ ಹಳ್ಳಿಯವಳು, ಚೊಚ್ಚಲ ಬಾಣಂತಿ. ಬಸುರಿಯಿದ್ದಾಗ ಎಚ್‌ಐವಿ ಗೊತ್ತಾಗಿ ಆಗಲೇ ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಶುರುವಾಗಿತ್ತು. ಗಂಡನಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ.

ಮಗುವಿಗೆ ಏನು ಕೊಡ್ತೀಯಮ್ಮ ಅಂದೆ. ತಲೆ ತಗ್ಗಿಸಿಯೇ ಹೇಳಿದಳು: "ಅತ್ತಿ ಎದುರಿಗೆ ಎದಿಹಾಲು ಕೊಡ್ತೀನ್ರಿ. ಅವ್ರು ಹೊಲಕ್ಕ ಹೋದ ಮ್ಯಾಲೆ ಡಬ್ಬಿ ಹಾಲು. ನನ್ನ ಹಾಲು ಕಮ್ಮಿ ಆದಷ್ಟು ರೋಗಾನೂ ಕಮ್ಮಿ ಅಲ್ರಿ?"

ಎಷ್ಟು ಪ್ರೀತಿಯಿಂದ ಮಾಡಿದ ಲೆಕ್ಕ ಅಲ್ವಾ? ಆದರೆ ತಪ್ಪು ಲೆಕ್ಕ. ಮಾತ್ರೆಗಳು ಸಿಗದ ಕಾಲದಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡನ್ನೂ ಬೆರೆಸಿ ಕೊಟ್ಟ ಮಕ್ಕಳಲ್ಲಿ 3 ತಿಂಗಳ ಹೊತ್ತಿಗೆ ಶೇ. 24ರಷ್ಟು ಮಂದಿಗೆ ಸೋಂಕು ಇತ್ತು, ಬರೀ ಎದೆಹಾಲು ಕುಡಿದವರಲ್ಲಿ ಶೇ. 15ರಷ್ಟು. ಬೇರೆ ಹಾಲು, ನೀರು ಎಳೆಗರುಳಿಗೆ ತೊಂದರೆ ಕೊಡುತ್ತವೆ, ವೈರಸ್‌ಗೆ ದಾರಿ ಸಲೀಸಾಗುತ್ತದೆ ಅನ್ನುವುದು ಇದಕ್ಕೆ ಕೊಡುವ ಕಾರಣ.

ಹಾಗಾಗಿ ಹೇಳಿದೆ: 6 ತಿಂಗಳು ಬರೀ ನಿನ್ನ ಹಾಲು, ನೀರೂ ಬೇಡ. ನಿನ್ನ ಮಾತ್ರೆ ಒಂದು ದಿನವೂ ತಪ್ಪಬಾರದು. ಮಗುವಿಗೆ ಸೋಂಕು ತಗುಲದಂತೆ ಕೊಡುವ ನೆವಿರಪಿನ್ ಸಿರಪ್ ಡಾಕ್ಟರ್ ಹೇಳಿದಷ್ಟು ದಿನ ಹಾಕು. ಇಷ್ಟು ದಿನ ಬೆರೆಸಿ ಕೊಟ್ಟಿದ್ದಕ್ಕೆ ಹೆದರಿ ಎದೆಹಾಲು ಬಿಡಿಸಬೇಡ.

ಡಬ್ಬಿ ಹಾಲಿನಲ್ಲಿ ವೈರಸ್ಸೇ ಇಲ್ಲವಲ್ಲ, ಅದನ್ನೇ ಯಾಕೆ ಹೇಳಲಿಲ್ಲ ಅಂತ ಕೆಲವರು ನನ್ನ ಮೇಲೆ ಸಿಟ್ಟಾಗುತ್ತಾರೆ. ನಿಜ, ಇಲ್ಲ. ಆದರೆ ಅವಳ ಮನೆಯಲ್ಲಿ ನೀರು ಬರುವುದು ಟ್ಯಾಂಕಿನಿಂದ, ದುಡ್ಡು ಬರುವುದು ಕೂಲಿಯಿಂದ, ಡಬ್ಬಿ ಖಾಲಿಯಾದರೆ ಹಾಲಿಗೆ ನೀರು ಜಾಸ್ತಿ ಬೆರೆಯುತ್ತದೆ, ಭೇದಿಯಾದರೆ ಆಸ್ಪತ್ರೆ ದೂರ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ಹೋಗುವ ಸಾಧ್ಯತೆ ಶೇ. 15ರಿಂದ 45, ಸರಿಯಾದ ಚಿಕಿತ್ಸೆ ಇದ್ದರೆ ಶೇ. 5ಕ್ಕಿಂತ ಕಡಿಮೆ. ನನ್ನ ಸಲಹೆ ನಿಂತಿರುವುದು ಆ ಮಾತ್ರೆಗಳ ಮೇಲೆ. ನೀರು ಕುದಿಸಿ, ಕೊರತೆ ಬೀಳದಂತೆ, ಮುಚ್ಚುಮರೆ ಇಲ್ಲದೆ ಡಬ್ಬಿ ಹಾಲನ್ನೇ ಪೂರ್ತಿ ಕೊಡಬಲ್ಲ ತಾಯಿ ಅದನ್ನೇ ಆರಿಸಿಕೊಂಡರೆ ಅವಳ ಜೊತೆಗೂ ನಿಲ್ಲುತ್ತೇನೆ.

ಇನ್ನು ಅತ್ತೆ. ಜೇನುತುಪ್ಪ, ಬಜೆ, ಗ್ರೈಪ್ ವಾಟರ್ ಎಲ್ಲ ತಯಾರಿಟ್ಟಿದ್ದರು. ಅವರನ್ನೂ ಕರೆಸಿ, 6 ತಿಂಗಳು ಯಾವ ಕೂಸಿಗೂ ಎದೆಹಾಲು ಬಿಟ್ಟು ಬೇರೇನೂ ಬೇಡ ಅಂದೆ. ಎಲ್ಲ ಮಕ್ಕಳಿಗೂ ಇದೇ ನಿಯಮ, ಹಾಗಾಗಿ ಸೊಸೆಯ ಗುಟ್ಟು ಹೇಳುವ ಪ್ರಮೇಯವೇ ಬರಲಿಲ್ಲ. 6 ವಾರದ ರಕ್ತ ಪರೀಕ್ಷೆಯಲ್ಲಿ ಮಗುವಿಗೆ ಸೋಂಕು ಕಾಣಲಿಲ್ಲ. ಆದರೂ 18 ತಿಂಗಳ ಕೊನೆಯ ಪರೀಕ್ಷೆವರೆಗೂ ಬರುತ್ತಿರಲೇಬೇಕು ಅಂತ ಗಂಡನನ್ನೂ ಕೂರಿಸಿಕೊಂಡು ಹೇಳಿ ಕಳಿಸಿದ್ದೇನೆ.