‘ಬಾಯಿಪಾಠ ಬರತೈತ್ರಿ, ಮಾತು ಬರಂಗಿಲ್ರಿ’: ಪ್ರವಾಸೋದ್ಯಮ ವಿದ್ಯಾರ್ಥಿನಿಯೊಬ್ಬಳ ಆಪ್ತಸಲಹೆ ಪ್ರಕರಣ

ಪ್ರಕರಣದ ವಿದ್ಯಾರ್ಥಿನಿಯನ್ನು ಇಲ್ಲಿ ಗಂಗಾ ಎಂದು ಕರೆದಿದ್ದೇನೆ. ಅದು ಆಕೆಯ ಹೆಸರಲ್ಲ. ಊರು, ಕಾಲೇಜು, ಸಂದರ್ಶನ ನಡೆಸಿದ ಸಂಸ್ಥೆಗಳು ಯಾವುವೆಂಬುದನ್ನೂ ಹೇಳುವುದಿಲ್ಲ. ಮನೆ ಇರುವುದು ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಸೀಮೆಯಲ್ಲಿ ಎಂಬ ಒಂದು ವಿವರವನ್ನು ಮಾತ್ರ ಆಕೆಯ ಒಪ್ಪಿಗೆಯಿಂದ ಉಳಿಸಿಕೊಂಡಿದ್ದೇನೆ. ಅದನ್ನೂ ತೆಗೆದರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಗಂಗಾ ಪ್ರವಾಸೋದ್ಯಮ ಪದವಿಯ ಕೊನೆಯ ವರ್ಷದಲ್ಲಿದ್ದಳು. ಓದಿನಲ್ಲಿ ಮುಂದು. ಆದರೆ ಕಾಲೇಜಿಗೇ ಬಂದಿದ್ದ ಎರಡು ಸಂಸ್ಥೆಗಳ ಸಂದರ್ಶನದಲ್ಲೂ ಬೆಂಗಳೂರಿನಲ್ಲಿ ನಡೆದ ಇನ್ನೊಂದರಲ್ಲೂ ಮೊದಲ ಸುತ್ತಿನಲ್ಲೇ ಹೊರಬಿದ್ದಿದ್ದಳು. ಮೂರನೆಯದರ ನಂತರ ಊಟ ಸೇರದೆ, ನಿದ್ದೆ ಬಾರದೆ ಎರಡು ವಾರ ಕಳೆದಾಗ ಆಕೆಯ ಉಪನ್ಯಾಸಕಿ ನನ್ನ ಬಳಿ ಕಳುಹಿಸಿದರು. ಕುಳಿತ ಕೂಡಲೇ ಆಕೆ ಹೇಳಿದ ಮೊದಲ ಮಾತನ್ನು ನಾನು ಹಾಗೆಯೇ ಬರೆದುಕೊಂಡೆ: “ಬಾಯಿಪಾಠ ಬರತೈತ್ರಿ ಮೇಡಂ, ಮಾತು ಬರಂಗಿಲ್ರಿ.”

ಆತಂಕ ಎಷ್ಟರಮಟ್ಟಿಗಿದೆ ಎಂಬುದನ್ನು ಮೊದಲು ನೋಡಬೇಕಾಗಿತ್ತು. ಎದೆಬಡಿತ, ಅಂಗೈ ಬೆವರುವುದು, ಹೊಟ್ಟೆ ಕೆಡುವುದು ಇವೆಲ್ಲ ಸಂದರ್ಶನದ ಹಿಂದು ಮುಂದಿನ ದಿನಗಳಿಗಷ್ಟೇ ಸೀಮಿತವಾಗಿದ್ದವು. ತರಗತಿಯಲ್ಲಿ, ಗೆಳತಿಯರ ನಡುವೆ, ಬಸ್ಸಿನಲ್ಲಿ ಆಕೆ ಎಲ್ಲರಂತೆಯೇ ಇದ್ದಳು. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದು ಹೇಳಿದೆ, ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ರ ಸಂಖ್ಯೆಯನ್ನೂ ಕೊಟ್ಟೆ. ಅದರ ಅಗತ್ಯ ಬೀಳಲಿಲ್ಲ.

ಆಮೇಲೆ ನಾನು ಮಾಡಿದ್ದು ತಪ್ಪು. ಇಂಗ್ಲಿಷ್ ಮಾತನಾಡಲು ಬಾರದ ಹುಡುಗಿ ಎಂದು ಲೆಕ್ಕ ಹಾಕಿ, ಆರು ವಾರಗಳ ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಲು ಹೇಳಿದೆ. ಆಕೆ ನಿಷ್ಠೆಯಿಂದ ಸೇರಿದಳು, ಒಂದು ದಿನವೂ ತಪ್ಪಿಸಲಿಲ್ಲ, ಮತ್ತು ಇನ್ನೂ ಹೆಚ್ಚು ಬಾಯಿಪಾಠದೊಂದಿಗೆ ಹಿಂದಿರುಗಿದಳು. ‘ನಿಮ್ಮ ಬಗ್ಗೆ ಹೇಳಿ’ ಎಂದರೆ ‘ಮೈಸೆಲ್ಫ್ ಗಂಗಾ, ಐ ಆ್ಯಮ್ ಹೇಲಿಂಗ್ ಫ್ರಮ್’ ಎಂದು ಶುರುವಾಗಿ ಒಂದೂವರೆ ನಿಮಿಷ ಎಲ್ಲೂ ತಡೆಯದೆ ಓಡುವ ಪಾಠ ಈಗ ಸಿದ್ಧವಾಗಿತ್ತು. ನಡುವೆ ನಾನು ಕೈ ಎತ್ತಿ, ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲೇ ಕೇಳಿದೆ. ಆಕೆ ನಿಂತಳು, ನನ್ನ ಮುಖ ನೋಡಿದಳು, ಮತ್ತೆ ‘ಮೈಸೆಲ್ಫ್ ಗಂಗಾ’ ಎಂದು ಮೊದಲಿನಿಂದ ಆರಂಭಿಸಿದಳು. ಆಕೆ ಮೊದಲ ದಿನವೇ ಹೇಳಿದ್ದನ್ನು ನಾನು ಬರೆದುಕೊಂಡಿದ್ದೆನೇ ಹೊರತು ಕೇಳಿಸಿಕೊಂಡಿರಲಿಲ್ಲ ಎಂಬುದು ಆಗ ಹೊಳೆಯಿತು.

ಬೆಂಗಳೂರಿನ ಸಂದರ್ಶನದಲ್ಲಿ ಏನಾಯಿತೆಂದು ಆ ದಿನ ಮತ್ತೊಮ್ಮೆ, ಪ್ರಶ್ನೆ ಪ್ರಶ್ನೆಯಾಗಿ ಕೇಳಿದೆ. ಪಟ್ಟದಕಲ್ಲಿನ ಬಗ್ಗೆ ಮಾತನಾಡಲು ಹೇಳಿದ್ದರು. ಆಕೆ ವಿಶ್ವ ಪರಂಪರೆಯ ಪಟ್ಟಿಗೆ 1987ರಲ್ಲಿ ಸೇರಿದ್ದು, ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನ ಕಂಚಿಯ ಗೆಲುವು, ಅದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇಗುಲ, ಹೀಗೆ ಒಂದಾದ ಮೇಲೊಂದರಂತೆ ಹೇಳುತ್ತಿದ್ದಾಗ ಸಂದರ್ಶಕರು ತಡೆದು, ‘ಅತಿಥಿಗೆ ಎಪ್ಪತ್ತು ವರ್ಷ, ಮಂಡಿನೋವು, ಸಂಜೆಯ ರೈಲಿಗೆ ಮೊದಲು ಎರಡೇ ಗಂಟೆ ಸಮಯವಿದೆ, ಬಾದಾಮಿಯ ಗುಹೆಗಳಿಗೆ ಕರೆದೊಯ್ಯುತ್ತೀರೋ, ಪಟ್ಟದಕಲ್ಲಿಗೋ?’ ಎಂದು ಕೇಳಿದರು. ಗಂಗಾ ಏನೂ ಹೇಳಲಿಲ್ಲ. ಸ್ವವಿವರದಲ್ಲಿ ಫ್ರೆಂಚ್ ಎಂದೂ ಬರೆದಿದ್ದಳು. ಪದವಿಯಲ್ಲಿ ಒಂದು ಸೆಮಿಸ್ಟರ್ ಓದಿದ್ದು ನಿಜ. ಇನ್ನೊಬ್ಬ ಸಂದರ್ಶಕರು ‘ಕೊಮಾಂತಾಲೇ ವೂ’ ಎಂದಷ್ಟೇ ಕೇಳಿದರು, ಹೇಗಿದ್ದೀರಿ ಎಂದು. ಅದಕ್ಕೂ ಉತ್ತರವಿಲ್ಲ.

“ಆ ಅಜ್ಜಗ ಈಗ ಕನ್ನಡದಾಗ ಹೇಳು, ಎಲ್ಲಿಗೆ ಕರಕೊಂಡು ಹೋಗ್ತಿ?” ಎಂದೆ. ಆಕೆ ಒಂದು ಕ್ಷಣವೂ ಯೋಚಿಸಲಿಲ್ಲ. “ಬಾದಾಮಿ ಗವಿ ಮೆಟ್ಟಲಾ ಹತ್ತಬೇಕಲ್ರಿ, ಮ್ಯಾಲ ಮಂಗ್ಯಾನ ಕಾಟ. ಮಂಡಿ ನೋವಿದ್ದವ್ರಿಗೆ ಪಟ್ಟದಕಲ್ಲ ಚಲೋ, ಹೊಳಿ ದಂಡಿ, ಸಪಾಟ ನೆಲ. ಬಿಸಲಾದ್ರ ವಿರೂಪಾಕ್ಷ ಗುಡಿ ಒಳಗ ತಂಪ ಇರತೈತ್ರಿ, ಅಲ್ಲೇ ಕುಂದ್ರಸಬಹುದು.” ಇದಕ್ಕಿಂತ ಒಳ್ಳೆಯ ಉತ್ತರವನ್ನು ಇಪ್ಪತ್ತು ವರ್ಷ ಅನುಭವವಿರುವ ಗೈಡ್ ಕೂಡ ಕೊಡಲಾರರು. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಕೇಳಿದಾಗ ಆಕೆ ತಲೆ ತಗ್ಗಿಸಿ, ಬಹಳ ಹೊತ್ತಿನ ನಂತರ ಹೇಳಿದಳು: ಅವ್ವ ಸ್ಮಾರಕದ ಗೇಟಿನ ಬಳಿ ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕುಡಿಕೆಯಲ್ಲಿ ಮೊಸರು ಮಾರುತ್ತಾಳೆ, ಎಂಟನೆಯ ವಯಸ್ಸಿನಿಂದ ಹೈಸ್ಕೂಲು ಮುಗಿಯುವವರೆಗೆ ರಜೆಯ ದಿನಗಳಲ್ಲಿ ತಾನೂ ಮಾರಿದ್ದಾಳೆ.

ಆ ವಯಸ್ಸಿನಲ್ಲಿ ಆಕೆ ಮಹಾರಾಷ್ಟ್ರದವರೊಂದಿಗೆ ಮರಾಠಿಯಲ್ಲಿ, ಉತ್ತರದವರೊಂದಿಗೆ ಹಿಂದಿಯಲ್ಲಿ, ವಿದೇಶದವರೊಂದಿಗೆ ಹತ್ತಿಪ್ಪತ್ತು ಇಂಗ್ಲಿಷ್ ಮಾತುಗಳಲ್ಲಿ ವ್ಯವಹರಿಸುತ್ತಿದ್ದಳು. ಮೊಸರು ಹುಳಿಯೇ ಎಂದು ಕೇಳಿದವರಿಗೆ ಚಮಚದಲ್ಲಿ ರುಚಿ ತೋರಿಸುತ್ತಿದ್ದಳು, ಚಟ್ನಿ ಖಾರವಾಗಿ ಕೆಮ್ಮಿದವರಿಗೆ ಬೇಗ ಮಜ್ಜಿಗೆ ಕೊಡುತ್ತಿದ್ದಳು. ವ್ಯಾಕರಣ ಒಂದೂ ಸರಿಯಿರಲಿಲ್ಲ, ಭಯವೂ ಇರಲಿಲ್ಲ. ಯಾಕೆಂದರೆ ಗೇಟಿನ ಬಳಿ ಮಾತು ಶುರುವಾಗುತ್ತಿದ್ದುದೇ ಗಿರಾಕಿಯ ಪ್ರಶ್ನೆಯಿಂದ. ಕಾಲೇಜಿಗೆ ಬಂದ ಮೇಲೆ ಆಕೆ ಈ ಎಲ್ಲವನ್ನೂ ಮುಚ್ಚಿಟ್ಟು, ಪ್ರಶ್ನೆಗೆ ಕಾಯದೆ ಉತ್ತರ ಒಪ್ಪಿಸುವುದೇ ಚೆನ್ನಾದ ಇಂಗ್ಲಿಷ್ ಎಂದು ಕಲಿತಿದ್ದಳು. ಹಾಗೆ ಕಲಿಸಿದವರಲ್ಲಿ ನಾನೂ ಒಬ್ಬಳು.

ಆದ್ದರಿಂದ ಈ ಬಾರಿ ನಾನು ಕೊಟ್ಟ ಮೊದಲ ಸಲಹೆ, ಮಾತನಾಡುವುದನ್ನು ಅಭ್ಯಾಸ ಮಾಡಬೇಡ, ತಡೆಸಿಕೊಳ್ಳುವುದನ್ನು ಅಭ್ಯಾಸ ಮಾಡು ಎಂಬುದು. ದಿನಕ್ಕೆ ಹತ್ತು ನಿಮಿಷ, ಇಬ್ಬರು ಸಹಪಾಠಿಗಳ ಎದುರು, ಯಾವುದಾದರೂ ಒಂದು ಜಾಗದ ಬಗ್ಗೆ ಇಂಗ್ಲಿಷಿನಲ್ಲಿ ಹೇಳಬೇಕು. ಅವರ ಕೈಯಲ್ಲಿ ಚೀಟಿಗಳಿರಬೇಕು, ಪ್ರತಿ ಚೀಟಿಯಲ್ಲಿ ಪ್ರವಾಸಿಗರು ನಿಜವಾಗಿ ಕೇಳುವ ಒಂದು ಪ್ರಶ್ನೆ ಇರಬೇಕು. ಮಾತಿನ ಮಧ್ಯದಲ್ಲಿ, ವಾಕ್ಯ ಮುಗಿಯುವ ಮೊದಲೇ, ಅವರು ಅದನ್ನು ಕೇಳಬೇಕು. ಶೌಚಾಲಯ ಎಲ್ಲಿದೆ, ಚಪ್ಪಲಿ ಬಿಡಬೇಕೆ, ಕಲ್ಲು ಯಾಕೆ ಕೆಂಪು, ಮಂಗ ಕನ್ನಡಕ ಕಿತ್ತುಕೊಂಡಿತು ಏನು ಮಾಡಲಿ, ಊಟಕ್ಕೆ ಖಾರವಿಲ್ಲದ್ದು ಏನು ಸಿಗುತ್ತದೆ. ಉತ್ತರಿಸುವ ಮೊದಲು ಪ್ರಶ್ನೆಯನ್ನು ತನ್ನ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಬೇಕೆಂಬ ಕಟ್ಟಳೆಯನ್ನೂ ಹಾಕಿದೆ. ಇದರಿಂದ ಯೋಚಿಸಲು ಎರಡು ಗಳಿಗೆ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎದುರಿನವರ ಉಚ್ಚಾರ ತಪ್ಪಾಗಿ ಕೇಳಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ’ ಎಂದು ಹೇಳುವುದನ್ನೂ ದಿನಕ್ಕೆ ಒಂದು ಸಲವಾದರೂ ಅಭ್ಯಾಸ ಮಾಡಬೇಕಿತ್ತು. ಅದು ಆಕೆಗೆ ಎಲ್ಲಕ್ಕಿಂತ ಕಷ್ಟವಾಯಿತು.

ಎರಡನೆಯ ಸಲಹೆ ನನ್ನದಲ್ಲ, ಆಕೆಯ ಅವ್ವನದೆಂದೇ ಹೇಳಬೇಕು. ನಾಲ್ಕನೆಯ ಭೇಟಿಗೆ ಅವರೂ ಮಗಳ ಜೊತೆ ಬಂದಿದ್ದರು. ಪಟ್ಟದಕಲ್ಲನ್ನು ಅವ್ವನಿಗೆ ಕನ್ನಡದಲ್ಲಿ ತೋರಿಸುವಂತೆ ಹೇಳಲು ಹೇಳಿದೆ. ಅಷ್ಟು ವರ್ಷ ಗೇಟಿನ ಬಳಿ ಕುಳಿತಿದ್ದರೂ ಅವರಿಗೆ ಯಾರೂ ಒಳಗಿನ ಕಥೆ ಹೇಳಿರಲಿಲ್ಲ. ರಾಣಿಯ ಹೆಸರು, ರಾಜನ ಗೆಲುವು ಎಲ್ಲ ಕೇಳಿದ ಮೇಲೆ ಅವರು, “ರಾಣಿ ಕಟ್ಟಿಸಿದ್ಳು ಅಂದಿ. ಕಲ್ಲ ಕಡದಾಂವ ಯಾರವ್ವಾ? ಅಂವಗ ಹೆಸರಿಲ್ಲೇನು?” ಎಂದರು. ಹೆಸರಿತ್ತು. ವಿರೂಪಾಕ್ಷ ದೇಗುಲದ ಶಾಸನದಲ್ಲಿ ಗುಂಡ ಅನಿವಾರಿತಾಚಾರಿ ಎಂಬ ಶಿಲ್ಪಿಯ ಹೆಸರಿದೆ, ಆತನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟದ್ದೂ ಅಲ್ಲಿದೆ. ಗಂಗಾ ಇದನ್ನು ಪರೀಕ್ಷೆಗೆ ಓದಿದ್ದಳು, ಆದರೆ ಆಕೆಯ ಇಂಗ್ಲಿಷ್ ಪಾಠದಲ್ಲಿ ಅದು ಇರಲಿಲ್ಲ. ಅಂದಿನಿಂದ ಹೊಸ ಜಾಗವೊಂದನ್ನು ಇಂಗ್ಲಿಷಿಗೆ ತರುವ ಮೊದಲು ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿ, ಅವ್ವ ಕೇಳಿದ ಪ್ರಶ್ನೆಗಳಿಂದಲೇ ಇಂಗ್ಲಿಷ್ ಮಾತನ್ನು ಆರಂಭಿಸುವುದು ರೂಢಿಯಾಯಿತು.

ದೂರವಾಣಿಯ ಮಾತು ಬೇರೆಯದೇ ವಿದ್ಯೆ. ಎದುರಿನ ಮುಖ ಕಾಣುವುದಿಲ್ಲ, ಕೈಸನ್ನೆ ನಡೆಯುವುದಿಲ್ಲ. ಟಿಕೆಟ್ ಕೌಂಟರಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ‘ಎ’ಗೆ ಆಲ್ಫಾ, ‘ಬಿ’ಗೆ ಬ್ರಾವೋ, ‘ಸಿ’ಗೆ ಚಾರ್ಲಿ ಎಂದು ಬಿಡಿಸಿ ಹೇಳುವ ಪದ್ಧತಿಯನ್ನು ಆಕೆ ತರಗತಿಯಲ್ಲಿ ಕಲಿತಿದ್ದಳು, ಬಳಸಿರಲಿಲ್ಲ. ಹಾಸ್ಟೆಲಿನ ಗೆಳತಿಯರ ಹೆಸರುಗಳನ್ನೂ ವಿಮಾನದ ಟಿಕೆಟ್ಟಿನ ಆರು ಅಕ್ಷರಗಳ ಪಿಎನ್‌ಆರ್‌ಗಳನ್ನೂ ಹೀಗೆ ಫೋನಿನಲ್ಲಿ ಬಿಡಿಸಿ ಹೇಳುವ, ಇನ್ನೊಬ್ಬಳು ಅದನ್ನು ಬರೆದುಕೊಂಡು ಓದಿ ಹೇಳುವ ಆಟವನ್ನು ರಾತ್ರಿ ಊಟದ ನಂತರ ಆಡಲು ಹೇಳಿದೆ. ಹುಬ್ಬಳ್ಳಿಗೆ ಎಚ್‌ಬಿಎಕ್ಸ್, ಬೆಳಗಾವಿಗೆ ಐಎಕ್ಸ್‌ಜಿ, ಮಂಗಳೂರಿಗೆ ಐಎಕ್ಸ್‌ಇ ಎಂಬಂಥ ವಿಮಾನ ನಿಲ್ದಾಣದ ಸಂಕೇತಗಳೂ ಇದರಲ್ಲೇ ಬಾಯಿಗೆ ಬಂದವು. ಬೆಲೆ, ಸಮಯ, ದಿನಾಂಕಗಳನ್ನು ಇಂಗ್ಲಿಷಿನಲ್ಲಿ ತಡವರಿಸದೆ ಹೇಳುವುದಕ್ಕೆ ಮಾತ್ರ ಬಾಯಿಪಾಠವೇ ದಾರಿ. ಅಲ್ಲಿ ನಾನು ಬಾಯಿಪಾಠದ ಪರ.

ಸ್ವವಿವರದ ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು, ಆದರೆ ಅದರ ಒಂದು ಸಾಲಿಗಾಗಿ ಜಗಳವೇ ಆಯಿತು. ಎಲ್ಲಿಂದಲೋ ನಕಲಿಸಿದ್ದ ‘ಗುರಿ’ಯ ಪರಿಚ್ಛೇದ, ಜಾತಿ, ವೈವಾಹಿಕ ಸ್ಥಿತಿ, ಕೊನೆಯ ಘೋಷಣೆ ಇವೆಲ್ಲವನ್ನೂ ತೆಗೆಸಿ ಎರಡೂವರೆ ಪುಟವನ್ನು ಒಂದಕ್ಕೆ ಇಳಿಸಿದೆವು. ಫ್ರೆಂಚ್ ಎಂಬಲ್ಲಿ ‘ಆರಂಭಿಕ ಹಂತ, ಒಂದು ಸೆಮಿಸ್ಟರ್’ ಎಂದು ಬರೆಸಿದೆ. ಅನುಭವದ ಭಾಗದಲ್ಲಿ, ಶಾಲಾ ರಜೆಗಳಲ್ಲಿ ಸ್ಮಾರಕದ ಬಳಿ ಪ್ರವಾಸಿಗರಿಗೆ ಸ್ಥಳೀಯ ಊಟ ಮಾರುವ ಮನೆಯ ವ್ಯಾಪಾರದಲ್ಲಿ ಕೆಲಸ, ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ವ್ಯವಹಾರ ಎಂದು ಬರೆಯಲು ಹೇಳಿದಾಗ ಆಕೆ ಪೆನ್ನು ಕೆಳಗಿಟ್ಟಳು. “ಅದನ್ಯಾಕ್ರಿ ಮೇಡಂ, ನಗತಾರ್ರಿ.” ಬಲವಂತ ಮಾಡುವುದು ಆಪ್ತಸಲಹೆಯಲ್ಲ, ಎರಡು ಪ್ರತಿ ಮಾಡಿಸಿ, ಆ ಸಾಲಿರುವುದೊಂದು, ಇಲ್ಲದ್ದೊಂದು, ಯಾವುದನ್ನು ಕಳುಹಿಸಬೇಕೆಂಬುದನ್ನು ಆಕೆಗೇ ಬಿಟ್ಟೆ. ಮೊದಲ ಎರಡು ಅರ್ಜಿಗಳಿಗೆ ಇಲ್ಲದ್ದನ್ನೇ ಕಳುಹಿಸಿದಳು.

ಈ ನಡುವೆ ವಾಟ್ಸ್ಆ್ಯಪ್‌ನಲ್ಲಿ ವಿಮಾನ ನಿಲ್ದಾಣದ ಕೆಲಸದ ಪತ್ರವೊಂದು ಬಂತು, ಸಂದರ್ಶನವಿಲ್ಲದೆ ನೇಮಕ, ಸಮವಸ್ತ್ರಕ್ಕೆಂದು ಮುಂಗಡ ಹಣ ಕಟ್ಟಬೇಕು. ಕೆಲಸ ಕೊಡುವವರು ಹಣ ಕೇಳುವುದಿಲ್ಲ, ಕಟ್ಟಬೇಡ ಎಂದೆ. ಅಣ್ಣನಿಗೆ ತಂಗಿ ರಾತ್ರಿ ಪಾಳಿ ಮಾಡುವುದು ಇಷ್ಟವಿರಲಿಲ್ಲ. ಅದನ್ನು ಅವ್ವನೇ ಮನೆಯಲ್ಲಿ ಬಗೆಹರಿಸಿದರು, ಹೇಗೆಂದು ನಾನು ಕೇಳಲಿಲ್ಲ.

ನಾಲ್ಕನೆಯ ಸಂದರ್ಶನ ಹೊಸಪೇಟೆ ಕಡೆಯ ಒಂದು ರೆಸಾರ್ಟಿನ ಫ್ರಂಟ್ ಆಫೀಸಿಗೆ, ಎಂದರೆ ಅತಿಥಿಗಳನ್ನು ಸ್ವಾಗತಿಸುವ ವಿಭಾಗಕ್ಕೆ. ಹಿಂದಿನ ರಾತ್ರಿ ಹೊಟ್ಟೆ ಕೆಟ್ಟಿತು, ಎಂದಿನಂತೆ. ಹಂಪಿಯನ್ನು ಹತ್ತು ನಿಮಿಷದಲ್ಲಿ ಪರಿಚಯಿಸಲು ಹೇಳಿ ಎರಡನೆಯ ನಿಮಿಷದಲ್ಲೇ ತಡೆದರಂತೆ: ವಿಠ್ಠಲ ದೇವಾಲಯದ ಕಲ್ಲಿನ ರಥದ ಚಕ್ರ ಈಗಲೂ ತಿರುಗುತ್ತದೆಯೇ ಎಂದು. ಆಕೆ ಪ್ರಶ್ನೆಯನ್ನು ತಿರುಗಿ ಹೇಳಿದಳು, ಈಗ ತಿರುಗಿಸಲು ಬಿಡುವುದಿಲ್ಲ ಎಂದಳು, ಹಿಂದೆ ತಿರುಗುತ್ತಿತ್ತೇ ಎಂಬುದನ್ನು ವಿಚಾರಿಸಿ ಹೇಳುತ್ತೇನೆ ಎಂದಳು, ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿರುವ ಚಿತ್ರ ಇದೇ ರಥದ್ದು ಎಂದು ಸೇರಿಸಿದಳು. ಆ ಬಾರಿ ಕಳುಹಿಸಿದ್ದ ಸ್ವವಿವರದಲ್ಲಿ ಮೊಸರಿನ ಸಾಲು ಇತ್ತು. ಅದರ ಬಗ್ಗೆಯೇ ಹೆಚ್ಚು ಹೊತ್ತು ಕೇಳಿದರಂತೆ, ಗಿರಾಕಿ ಸಿಟ್ಟಾದರೆ ಏನು ಮಾಡುತ್ತಿದ್ದೆ ಎಂದು. ಆರು ತಿಂಗಳ ಪರೀಕ್ಷಾರ್ಥ ಅವಧಿಯ ಮೇಲೆ ತೆಗೆದುಕೊಂಡರು.

ಕೆಲಸಕ್ಕೆ ಸೇರಿದ ಎರಡನೆಯ ವಾರ ರಾತ್ರಿ ಫೋನ್ ಮಾಡಿದಳು. ವಿದೇಶದಿಂದ ಕರೆ ಮಾಡಿದ ಅತಿಥಿಯೊಬ್ಬರ ಹೆಸರು ಮೂರು ಸಲ ಕೇಳಿದರೂ ತಿಳಿಯದೆ, ನಾಲ್ಕನೆಯ ಸಲ ಕೇಳಲು ನಾಚಿ, ತನಗೆ ತೋಚಿದಂತೆ ಬರೆದುಕೊಂಡುಬಿಟ್ಟಿದ್ದಳು. ಬುಕಿಂಗ್ ಸಿಗದೆ ಮ್ಯಾನೇಜರ್ ಬೈದಿದ್ದರು. ಹಾಸ್ಟೆಲಿನಲ್ಲಿ ಏನು ಆಡುತ್ತಿದ್ದಿರಿ ಎಂದು ಕೇಳಿದೆ. ಆಲ್ಫಾ, ಬ್ರಾವೋ ಎಂದಳು. ಅದನ್ನು ನಾವು ಹೇಳುವುದಕ್ಕಷ್ಟೇ ಕಲಿತಿದ್ದೆವು, ಅತಿಥಿಯ ಬಾಯಲ್ಲಿ ಹೇಳಿಸುವುದನ್ನು ಕಲಿತಿರಲಿಲ್ಲ. ‘ದಯವಿಟ್ಟು ಅಕ್ಷರ ಅಕ್ಷರವಾಗಿ ಹೇಳುತ್ತೀರಾ, ಸರಿಯಾಗಿ ಬರೆದುಕೊಳ್ಳಬೇಕು’ ಎಂಬ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಕಾಗದದ ಮೇಲೆ ಬರೆದು ಫೋನಿನ ಪಕ್ಕ ಅಂಟಿಸಿಕೊಳ್ಳಲು ಹೇಳಿದೆ, ಮತ್ತು ಅತಿಥಿಯ ಹೆಸರನ್ನು ಹಾಗೆಯೇ ಅಕ್ಷರ ಬಿಡಿಸಿ ಅವರಿಗೆ ತಿರುಗಿ ಓದಿ ಹೇಳಲು ಕೂಡ. ಮುಂದಿನ ಭೇಟಿ ಆಕೆಯ ವಾರದ ರಜೆ ಸಿಕ್ಕ ದಿನ.